ಒಂದೊಂದು ಪಾದಕ್ಕೂ ಒಂದೊಂದು ಶೂ: 3ಡಿ ಪ್ರಿಂಟರ್ ಕೊಟ್ಟ ಮಾತು ಏನಾಯ್ತು?

2017ರ ಸೆಪ್ಟೆಂಬರ್ 24ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಮ್ಯಾರಥಾನ್ ಇತ್ತು. ಅಂದು ಮಳೆ. ಕೀನ್ಯಾದ ಎಲಿಯುಡ್ ಕಿಪ್ಚೋಗೆ ಒದ್ದೆ ರಸ್ತೆಯ ಮೇಲೆ 42 ಕಿಲೋಮೀಟರ್ ಓಡಿ 2 ಗಂಟೆ 3 ನಿಮಿಷ 32 ಸೆಕೆಂಡಿನಲ್ಲಿ ಗೆದ್ದರು. ಗೆದ್ದರೂ ಒಂದು ದೂರು ಉಳಿಯಿತು. ಶೂ ನೀರು ಕುಡಿದು ಭಾರವಾಗಿತ್ತು. ಒಳಗೆ ಹೋದ ನೀರು ಹೊರಗೆ ಬರುತ್ತಿರಲಿಲ್ಲ.

ಅವರಿಗೆ ಶೂ ಕೊಡುತ್ತಿದ್ದ ನೈಕಿ ಕಂಪನಿ ಇದಕ್ಕೆ ಹುಡುಕಿದ ಪರಿಹಾರ ಬಟ್ಟೆಯದಲ್ಲ, ಪ್ರಿಂಟರಿನದು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಗೆರೆಯ ಮೇಲೆ ಗೆರೆ ಎಳೆದು, ಜಾಲರಿಯಂಥ ಮೇಲ್ಭಾಗವನ್ನು ಮುದ್ರಿಸಿದರು. ನೀರು ಬಂದರೂ ಸೋರಿ ಹೋಗಬೇಕು, ಹಾಗಿತ್ತು ಅದು. ಹಳೆಯದಕ್ಕಿಂತ 11 ಗ್ರಾಂ ಹಗುರ ಎಂದು ಕಂಪನಿ ಹೇಳಿತು. 2018ರ ಏಪ್ರಿಲ್ 22ರಂದು ಲಂಡನ್ ಮ್ಯಾರಥಾನಿಗೆ ಕಿಪ್ಚೋಗೆ ಅದನ್ನೇ ತೊಟ್ಟು ಬಂದರು. ತಮಾಷೆ ನೋಡಿ, ಮಳೆಗೆಂದು ಮಾಡಿದ ಶೂಗೆ ಸಿಕ್ಕಿದ್ದು ಸುಡುಬಿಸಿಲು. 24 ಡಿಗ್ರಿ ದಾಟಿದ ಆ ದಿನ ಲಂಡನ್ ಮ್ಯಾರಥಾನಿನ ಇತಿಹಾಸದಲ್ಲೇ ಅತ್ಯಂತ ಬಿಸಿಯ ದಿನವಾಗಿತ್ತು. ಅವರು ಅಲ್ಲೂ ಗೆದ್ದರು, 2 ಗಂಟೆ 4 ನಿಮಿಷ 17 ಸೆಕೆಂಡಿನಲ್ಲಿ.

ಒಬ್ಬ ಓಟಗಾರನ ಒಂದು ದೂರು, ಏಳು ತಿಂಗಳಲ್ಲಿ ಅದಕ್ಕೊಂದು ಹೊಸ ಶೂ. ಇದನ್ನು ಕಂಡವರು, ಇನ್ನು ಮುಂದೆ ಪ್ರತಿ ಪಾದಕ್ಕೂ ಅದರದೇ ಅಳತೆಯ ಶೂ ಮುದ್ರಣವಾಗಿ ಬರುತ್ತದೆ ಎಂದರು. ಆ ಮಾತು ಎಷ್ಟು ನಿಜವಾಯಿತು, ಎಲ್ಲಿ ನಿಂತಿತು ಎಂಬುದೇ ಈ ಬರಹ.

ಕೆತ್ತನೆ, ಅಚ್ಚು, ಗೋಡೆ

ಮೊದಲು ಈ 3ಡಿ ಪ್ರಿಂಟಿಂಗ್ ಅಂದರೇನು ನೋಡೋಣ. ಕಾರ್ಖಾನೆಯವರು ಇದನ್ನು ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್ ಎನ್ನುತ್ತಾರೆ, ಅಂದರೆ ಸೇರಿಸುತ್ತಾ ಹೋಗಿ ಮಾಡುವುದು.

ಒಂದು ವಸ್ತು ಮಾಡಲು ನಮಗೆ ಗೊತ್ತಿರುವ ದಾರಿ ಮೂರು. ಕಲ್ಲಿನಿಂದ ವಿಗ್ರಹ ಕೆತ್ತುವಾಗ ಬೇಡದ್ದನ್ನು ತೆಗೆಯುತ್ತಾ ಹೋಗುತ್ತೇವೆ. ಇಟ್ಟಿಗೆ ಕೊಯ್ಯುವಾಗ ಮಣ್ಣನ್ನು ಅಚ್ಚಿಗೆ ತುಂಬುತ್ತೇವೆ. ಮಣ್ಣಿನ ಗೋಡೆ ಕಟ್ಟುವಾಗ ಒಂದು ವರಸೆ ಇಟ್ಟು, ಅದು ಗಟ್ಟಿಯಾದ ಮೇಲೆ ಇನ್ನೊಂದು ವರಸೆ ಏರಿಸುತ್ತೇವೆ. 3ಡಿ ಪ್ರಿಂಟರ್ ಮಾಡುವುದು ಈ ಮೂರನೆಯದನ್ನು. ಅದರ ವರಸೆ ಕೂದಲೆಳೆಯಷ್ಟು ತೆಳು, ಎಲ್ಲಿ ಇಡಬೇಕೆಂದು ಹೇಳುವುದು ಕಂಪ್ಯೂಟರ್, ಅಷ್ಟೇ ವ್ಯತ್ಯಾಸ.

ಗೋಡೆಗೆ ಅಚ್ಚು ಬೇಕಿಲ್ಲ. ಹಾಗಾಗಿ ಒಂದು ಗೋಡೆಯ ಹಾಗೆ ಇನ್ನೊಂದು ಇರಬೇಕೆಂದೂ ಇಲ್ಲ. ಶೂ ವಿಷಯದಲ್ಲಿ ಇಡೀ ಕಥೆ ಇರುವುದು ಇಲ್ಲೇ.

ಪಾದಕ್ಕೆ ತಕ್ಕ ಶೂ, ಶೂಗೆ ತಕ್ಕ ಪಾದ

ಹಿಂದೆ ಚಪ್ಪಲಿ ಮಾಡುವವರು ಕಾಲನ್ನು ನೆಲದ ಮೇಲೆ ಇಡಿಸಿ, ಸುತ್ತ ಗೆರೆ ಎಳೆದು, ಅದೇ ಅಳತೆಗೆ ಚರ್ಮ ಕತ್ತರಿಸುತ್ತಿದ್ದರು. ಲೋಕದ ಎಲ್ಲ ಕಡೆಯೂ ಹೀಗೇ ಇತ್ತು. ಓಟಗಾರರ ಶೂ ಕೂಡ ಇದೇ ಕೈಗಳಿಂದ ಬಂತು. ಜರ್ಮನಿಯ ಹರ್ಟ್ಸೋಗೆನೌರಾಹ್ ಎಂಬ ಸಣ್ಣ ಪಟ್ಟಣದಲ್ಲಿ ಆಡಿ ಡಾಸ್ಲರ್ ಎಂಬುವರು ಓಟಗಾರರ ಮಾತು ಕೇಳಿ ಕೇಳಿ ಮೊಳೆ ಶೂ ಮಾಡುತ್ತಿದ್ದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ನಾಲ್ಕು ಚಿನ್ನ ಗೆದ್ದ ಅಮೆರಿಕದ ಜೆಸ್ಸಿ ಓವೆನ್ಸ್ ಕಾಲಲ್ಲಿದ್ದದ್ದು ಡಾಸ್ಲರ್ ಶೂ. ಯುದ್ಧ ಮುಗಿದ ಮೇಲೆ ಅಣ್ಣ ತಮ್ಮ ಬೇರೆಯಾದರು. ಅಣ್ಣ ರುಡಾಲ್ಫ್ 1948ರಲ್ಲಿ ಪೂಮಾ ಕಟ್ಟಿದರು, ತಮ್ಮ ಆಡಿ 1949ರಲ್ಲಿ ಅಡಿಡಾಸ್ ಕಟ್ಟಿದರು.

ಕಂಪನಿ ಬೆಳೆದಂತೆ ಅಚ್ಚು ಬಂತು. ಒಂದು ಸೈಜಿಗೆ ಒಂದು ಅಚ್ಚು, ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ. ಲೋಹದ ಅಚ್ಚು ಮಾಡಿಸುವ ಖರ್ಚು ದೊಡ್ಡದು. ಸಾವಿರಾರು ಜೊತೆ ಮಾರಿದರೆ ಮಾತ್ರ ಅದು ಹುಟ್ಟುತ್ತದೆ. ಆದ್ದರಿಂದ ಎಲ್ಲರ ಪಾದವನ್ನೂ ಕೆಲವೇ ಸೈಜುಗಳೊಳಗೆ ತೂರಿಸಬೇಕಾಯಿತು. ಅಂಗಡಿಯಲ್ಲಿ ನಾವು 'ಎಂಟು ಬಿಗಿ, ಒಂಬತ್ತು ಸಡಿಲ' ಎನ್ನುತ್ತೇವಲ್ಲ, ಅದು ಅಚ್ಚಿನ ಕಾಲದ ಮಾತು.

ಈ ಹೊಂದಾಣಿಕೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ 1960ರ ರೋಮ್ ಒಲಿಂಪಿಕ್ಸ್ ಸಾಕ್ಷಿ. ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರಿಗೆ ಹಿಡಿಸುವ ಶೂ ಸಿಗಲಿಲ್ಲ ಎಂಬುದು ಹೆಚ್ಚು ಕೇಳಿಬರುವ ವಿವರಣೆ. ಬರಿಗಾಲಲ್ಲಿ ಓಡಿ ರೂಢಿಯಿದ್ದ ಅವರು ರೋಮಿನ ಕಲ್ಲು ಹಾಸಿನ ಬೀದಿಗಳಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನಾಲ್ಕು ವರ್ಷದ ಬಳಿಕ ಟೋಕಿಯೊದಲ್ಲಿ ಶೂ ಹಾಕಿಕೊಂಡು ಇನ್ನೂ ಮೂರು ನಿಮಿಷ ಬೇಗ ಓಡಿದರು. ಕಾಲಿಗೆ ಹೊಂದದ ಶೂಗಿಂತ ಬರಿಗಾಲು ಮೇಲು, ಹೊಂದುವ ಶೂ ಬರಿಗಾಲಿಗಿಂತ ಮೇಲು ಎಂದು ಬೇಕಾದರೆ ಇದನ್ನು ಓದಿಕೊಳ್ಳಬಹುದು.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್ಮನ್ ಅವರದು ಇನ್ನೊಂದು ಕಥೆ. ಅವರು ತಮ್ಮ ಹುಡುಗರ ಕಾಲು ಅಳೆದು ತಾವೇ ಶೂ ಹೊಲಿಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಹೆಂಡತಿಯ ವಾಫಲ್ ಕಾವಲಿಗೆ ಯುರೆಥೇನ್ ರಬ್ಬರ್ ಸುರಿದು ಹೊಸ ಅಟ್ಟೆ ಮಾಡಲು ಹೋದರು. ಗುಳಿ ಗುಳಿ ಇರುವ ಆ ಕಾವಲಿ ನಮ್ಮ ಪಡ್ಡಿನ ಹಂಚಿನ ದೂರದ ನೆಂಟ. ಕಾವಲಿ ಹಾಳಾಯಿತು, ಅಟ್ಟೆ ಹುಟ್ಟಿತು. ಅವರು ಫಿಲ್ ನೈಟ್ ಜೊತೆ ಕಟ್ಟಿದ ಕಂಪನಿಯೇ ಮುಂದೆ ನೈಕಿ ಆಯಿತು. ಗಮನಿಸಿ, ಹೊಸ ಯೋಚನೆ ಬಂದಾಗಲೂ ಅವರಿಗೆ ಬೇಕಾಗಿದ್ದು ಒಂದು ಅಚ್ಚು. ಅಚ್ಚು ಸಿಗದಿದ್ದರೆ ಅಡುಗೆಮನೆಯ ಕಾವಲಿ.

ಅಚ್ಚಿಲ್ಲದ ಯಂತ್ರ

ಅಚ್ಚಿಲ್ಲದೆ ವಸ್ತು ಮಾಡುವ ಯಂತ್ರ ಶೂಗಾಗಿ ಹುಟ್ಟಿದ್ದಲ್ಲ. ಜಪಾನಿನ ನಗೋಯಾದಲ್ಲಿ ಹಿಡಿಯೊ ಕೊಡಾಮಾ ಎಂಬ ಸಂಶೋಧಕರು 1980ರಲ್ಲಿ, ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ಆಕಾರ ಕಟ್ಟುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಅದು ಮುಂದುವರಿಯಲಿಲ್ಲ. ಅಮೆರಿಕದ ಚಕ್ ಹಲ್, ಮೇಜಿನ ಮೇಲ್ಮೈಯನ್ನು ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುವ ಕಂಪನಿಯಲ್ಲಿದ್ದವರು, 1983ರಲ್ಲಿ ಇದೇ ಬೆಳಕಿನಿಂದ ಒಂದು ಪುಟ್ಟ ಬಟ್ಟಲು ಮಾಡಿದರು. 1986ರಲ್ಲಿ ಪೇಟೆಂಟ್ ಸಿಕ್ಕಿತು, ಅದೇ ವರ್ಷ 3ಡಿ ಸಿಸ್ಟಮ್ಸ್ ಕಂಪನಿ ಶುರುವಾಯಿತು.

ಅದೇ ದಶಕದಲ್ಲಿ ಇನ್ನೆರಡು ದಾರಿಗಳು ತೆರೆದವು. ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಲ್ ಡೆಕಾರ್ಡ್ ಪುಡಿಯನ್ನು ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಬಿಟ್ಟು ಬೆಸೆಯುವ ಯಂತ್ರ ಮಾಡಿದರು. ಸ್ಕಾಟ್ ಕ್ರಂಪ್ ಎಂಬುವರು ಮಗಳಿಗೆ ಆಟದ ಕಪ್ಪೆ ಮಾಡಿಕೊಡಲು ಬಿಸಿ ಅಂಟಿನ ಗನ್ ಹಿಡಿದು ಕೂತು, ಪ್ಲಾಸ್ಟಿಕ್ ಎಳೆಯನ್ನು ಚಕ್ಕುಲಿ ಒತ್ತಿದ ಹಾಗೆ ಸುತ್ತಿ ಏರಿಸುವ ವಿಧಾನಕ್ಕೆ ಬಂದರು. ಕಿಪ್ಚೋಗೆಯ ಲಂಡನ್ ಶೂ ಈ ಮೂರನೆಯ ಕುಲದ್ದು.

ಈ ಯಂತ್ರಗಳು ಕಂಪನಿಗಳಿಗೆ ಬಂದಾಗ ಮೊದಲ ಕೆಲಸ ಮಾದರಿ ಮಾಡುವುದು. ಕಾಗದದ ಮೇಲಿನ ಅಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಲು ವಾರಗಟ್ಟಲೆ ಕಾಯಬೇಕಿದ್ದದ್ದು ಕೆಲವು ಗಂಟೆ, ದಿನಗಳಿಗೆ ಇಳಿಯಿತು. ಆ ಮಾದರಿ ನೋಡಲು ಮಾತ್ರ. ಹಾಕಿಕೊಂಡು ಓಡಿದರೆ ಮುರಿಯುತ್ತಿತ್ತು.

ಮೊದಲು ಓಡಿದ್ದು ಮೊಳೆ ಶೂ

ಓಡುವ ಕಾಲಿನ ಕೆಳಗೆ ಮುದ್ರಿತ ಭಾಗ ಮೊದಲು ಬಂದದ್ದು ವೇಗದ ಓಟದ ಮೊಳೆ ಶೂಗಳಲ್ಲಿ. ಅದಕ್ಕೆ ಕಾರಣ ಇದೆ. ಮೊಳೆ ಶೂ ಅಡಿಯಲ್ಲಿ ಮೆತ್ತೆ ಬೇಕಿಲ್ಲ, ಗಟ್ಟಿಯಾದ ತೆಳು ತಟ್ಟೆ ಬೇಕು. ಲೇಸರಿನಲ್ಲಿ ಬೆಸೆದ ನೈಲಾನ್ ಪುಡಿ ಅದಕ್ಕೆ ಸರಿಹೊಂದುತ್ತದೆ.

ಇನ್ನೊಂದು ಕಾರಣ ವಿಜ್ಞಾನದ್ದು. ಕೆನಡಾದ ಕ್ಯಾಲ್ಗರಿಯಲ್ಲಿ, ಇಂಗ್ಲೆಂಡಿನ ಲಫ್‌ಬರೋದಲ್ಲಿ 2000ದ ದಶಕದಲ್ಲಿ ನಡೆದ ಅಧ್ಯಯನಗಳು ಒಂದು ವಿಷಯ ತೋರಿಸಿದವು. ತಟ್ಟೆ ಎಷ್ಟು ಬಿಗಿಯಾಗಿದ್ದರೆ ಒಳ್ಳೆಯದು ಎಂಬುದು ಓಟಗಾರನಿಂದ ಓಟಗಾರನಿಗೆ ಬೇರೆ. ಒಬ್ಬರಿಗೆ ಚಿಮ್ಮುಹಲಗೆಯಾದದ್ದು ಇನ್ನೊಬ್ಬರಿಗೆ ಹಲಗೆ ಮಾತ್ರ. ಹಾಗಾದರೆ ಒಂದೇ ಅಚ್ಚಿನ ತಟ್ಟೆಯನ್ನು ಎಲ್ಲರಿಗೂ ಕೊಡುವುದು ತಪ್ಪು. ಒಬ್ಬೊಬ್ಬರಿಗೂ ಒಂದೊಂದು ಬೇಕು. ಅಚ್ಚಿಗೆ ಅದು ಆಗದ ಮಾತು, ಪ್ರಿಂಟರಿಗೆ ಸುಲಭ.

2013ರ ಆರಂಭದಲ್ಲಿ ಅಮೆರಿಕದ ನ್ಯೂ ಬ್ಯಾಲೆನ್ಸ್ ಕಂಪನಿ ತನ್ನ ತಂಡದ ಓಟಗಾರರ ಹೆಜ್ಜೆಯ ಒತ್ತಡ ಅಳೆದು, ಅವರವರಿಗೆ ಬೇರೆ ಬೇರೆ ಮೊಳೆ ತಟ್ಟೆ ಮುದ್ರಿಸುವುದಾಗಿ ಪ್ರಕಟಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ನೈಕಿ, ಅಮೆರಿಕನ್ ಫುಟ್‌ಬಾಲ್ ಆಟಗಾರರ 40 ಗಜದ ಓಟಕ್ಕೆಂದು ಲೇಸರಿನಲ್ಲಿ ಬೆಸೆದ ತಟ್ಟೆಯ ಶೂ ತಂದಿತು. ಇಡೀ ಶೂ ತೂಕ ಸುಮಾರು 160 ಗ್ರಾಂ.

2016ರ ರಿಯೊ ಒಲಿಂಪಿಕ್ಸಿಗೆ ನೈಕಿ, ಆಲಿಸನ್ ಫೆಲಿಕ್ಸ್ ಅವರಿಗೆ ಮೊಳೆ ಶೂ ಮಾಡಿದಾಗ ಹಲವು ತಟ್ಟೆಗಳನ್ನು ಮುದ್ರಿಸಿ, ಅವರ ಕಾಲಿಗೆ ಹಾಕಿ, ತಿದ್ದಿ, ಮತ್ತೆ ಮುದ್ರಿಸಿತು. 400 ಮೀಟರ್ ಫೈನಲಿನಲ್ಲಿ ಫೆಲಿಕ್ಸ್ 49.51 ಸೆಕೆಂಡಿಗೆ ಗೆರೆ ಮುಟ್ಟಿದರು. ಪಕ್ಕದಲ್ಲಿ ಬಹಾಮಾಸ್‌ನ ಶಾನೇ ಮಿಲ್ಲರ್ ಗೆರೆಯ ಮೇಲೆ ಮೈಚೆಲ್ಲಿ ಬಿದ್ದು 49.44ಕ್ಕೆ ಚಿನ್ನ ತೆಗೆದುಕೊಂಡರು. ಅಷ್ಟು ತಿದ್ದಿದ ಶೂಗೂ, ಬಿದ್ದು ಗೆದ್ದ ಎದೆಗೂ ನಡುವೆ ಇದ್ದದ್ದು ಸೆಕೆಂಡಿನ ನೂರರಲ್ಲಿ ಏಳು ಭಾಗ.

44 ಜೊತೆ, 96 ಜೊತೆ

ಮೊಳೆ ಶೂ ಕೆಲವರಿಗೆ ಮಾತ್ರ. ದುಡ್ಡು ಇರುವುದು ದಿನಾ ಓಡುವವರ, ನಡೆಯುವವರ ಮೆತ್ತನೆ ಶೂನಲ್ಲಿ. 2015ರಿಂದ ಕಂಪನಿಗಳು ಅಟ್ಟೆ ಮತ್ತು ಪಾದದ ನಡುವಿನ ಮೆತ್ತೆಯನ್ನೇ ಮುದ್ರಿಸಲು ಹೊರಟವು. ಆ ಮೆತ್ತೆಗೆ ಮಿಡ್‌ಸೋಲ್ ಎನ್ನುತ್ತಾರೆ.

ಲೆಕ್ಕ ನೋಡಿ. 2016ರ ಮಾರ್ಚ್‌ನಲ್ಲಿ ಅಂಡರ್ ಆರ್ಮರ್ ಮಾರಿದ್ದು 96 ಜೊತೆ, ಬೆಲೆ 300 ಡಾಲರ್. ಏಪ್ರಿಲ್‌ನಲ್ಲಿ ನ್ಯೂ ಬ್ಯಾಲೆನ್ಸ್ ಮಾರಿದ್ದು 44 ಜೊತೆ, ಬೆಲೆ 400 ಡಾಲರ್, ಆಗಿನ ಲೆಕ್ಕದಲ್ಲಿ 26 ಸಾವಿರ ರೂಪಾಯಿಗೂ ಹೆಚ್ಚು. ಡಿಸೆಂಬರ್‌ನಲ್ಲಿ ಅಡಿಡಾಸ್ 333 ಡಾಲರಿಗೆ ತನ್ನ 3ಡಿ ರನ್ನರ್ ಬಿಟ್ಟಿತು. ಇವು ಓಡಲು ಕೊಂಡ ಶೂಗಳೋ, ಗಾಜಿನ ಕಪಾಟಿನಲ್ಲಿ ಇಡಲು ಕೊಂಡವೋ ನೀವೇ ಊಹಿಸಿ. ಹೀಗೆ ಎಣಿಸಿ ಮಾರಲು ಕಾರಣ ಯಂತ್ರದ ನಿಧಾನ. ಒಂದೊಂದು ಪದರವೂ ಕೂರಬೇಕು, ಗಟ್ಟಿಯಾಗಬೇಕು. ಅಚ್ಚಿನಲ್ಲಿ ನಿಮಿಷಗಳಲ್ಲಿ ಆಗುವ ಮೆತ್ತೆಗೆ ಇಲ್ಲಿ ಗಂಟೆಗಟ್ಟಲೆ.

ನಿಧಾನವನ್ನು ಮುರಿದವರು ರಸಾಯನಶಾಸ್ತ್ರಜ್ಞ ಜೋಸೆಫ್ ಡಿಸಿಮೋನ್. ಅವರ ಕಾರ್ಬನ್ ಕಂಪನಿಯ ವಿಧಾನ 2015ರ ಮಾರ್ಚ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಳಕು ದ್ರವವನ್ನು ಗಟ್ಟಿ ಮಾಡುತ್ತದೆ, ಆಮ್ಲಜನಕ ಗಟ್ಟಿಯಾಗದಂತೆ ತಡೆಯುತ್ತದೆ. ದ್ರವದ ತಳಕ್ಕೆ ಬೆಳಕು ಮತ್ತು ಆಮ್ಲಜನಕ ಎರಡೂ ದಾಟುವ ಕಿಟಕಿ ಇಟ್ಟರೆ, ಕಿಟಕಿಗೆ ತಾಗಿದ ತೆಳು ಪದರ ಸದಾ ದ್ರವವಾಗಿಯೇ ಉಳಿಯುತ್ತದೆ, ಅದರ ಮೇಲಿನದು ಗಟ್ಟಿಯಾಗುತ್ತದೆ. ಹಾಗಾಗಿ ಪದರಕ್ಕೊಮ್ಮೆ ನಿಲ್ಲಿಸದೆ, ದ್ರವದಿಂದ ವಸ್ತುವನ್ನು ಎಳೆಯುತ್ತಾ ಹೋಗಬಹುದು.

2017ರ ಏಪ್ರಿಲ್‌ನಲ್ಲಿ ಅಡಿಡಾಸ್ ಕಾರ್ಬನ್ ಜೊತೆ ಸೇರಿ ಫ್ಯೂಚರ್‌ಕ್ರಾಫ್ಟ್ 4ಡಿ ಪ್ರಕಟಿಸಿತು. ಜೇನುಗೂಡು, ಬಿದಿರು ಬುಟ್ಟಿ ಎರಡನ್ನೂ ನೆನಪಿಸುವ ಹಸಿರು ಮೆತ್ತೆ ಅದರದು. ಮೊದಲು 300 ಜೊತೆ, ವರ್ಷದ ಕೊನೆಗೆ 5,000, ಮರುವರ್ಷದ ಕೊನೆಗೆ ಒಂದು ಲಕ್ಷ ಎಂಬುದು ಆಗ ಹೇಳಿದ ಗುರಿ. ಜೊತೆಗೆ ಇನ್ನೊಂದು ದೊಡ್ಡ ಮಾತು ಇತ್ತು. ಮುಂದೊಂದು ದಿನ ಅಂಗಡಿಗೆ ಬಂದವರ ಓಟ, ತೂಕ, ಪಾದದ ಅಳತೆ ತೆಗೆದು ಅವರಿಗೇ ಬೇಕಾದ ಮೆತ್ತೆ ಮುದ್ರಿಸಬಹುದು ಎಂದು.

ಶೂ ಮಾರುಕಟ್ಟೆಗೆ ಬಂತು. ಆದರೆ ಮಾಮೂಲಿ ಸೈಜುಗಳಲ್ಲೇ ಬಂತು. ಯಂತ್ರ ಬದಲಾಯಿತು, ಅಂಗಡಿಯ 'ಎಂಟು, ಒಂಬತ್ತು' ಬದಲಾಗಲಿಲ್ಲ.

ಮಂಡಕ್ಕಿಯ ಮುಂದೆ ಸೋತ ಬುಟ್ಟಿ

ಇದೇ ಹೊತ್ತಿಗೆ ಬೇರೊಂದು ಕಡೆಯಿಂದ ಕ್ರಾಂತಿ ಬಂತು, ಅದು ಪ್ರಿಂಟರಿನದಲ್ಲ. 2017ರಲ್ಲಿ ನೈಕಿ ವೇಪರ್‌ಫ್ಲೈ ಬಿಟ್ಟಿತು. ದಪ್ಪನೆಯ, ಅತಿ ಹಗುರ ಫೋಮ್, ಅದರೊಳಗೆ ಇಂಗಾಲದ ನಾರಿನ ತಟ್ಟೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 18 ಓಟಗಾರರ ಮೇಲೆ ನಡೆದ, ನೈಕಿಯೇ ಹಣ ಕೊಟ್ಟ ಪರೀಕ್ಷೆಯಲ್ಲಿ ಇದರಿಂದ ಓಟಕ್ಕೆ ತಗಲುವ ಶಕ್ತಿ ಸರಾಸರಿ ಶೇಕಡಾ 4ರಷ್ಟು ಉಳಿಯಿತು. ಮ್ಯಾರಥಾನ್ ದಾಖಲೆಗಳು ಒಂದೊಂದಾಗಿ ಬಿದ್ದವು.

ಫೋಮ್ ಯಾಕೆ ಗೆದ್ದಿತು? ಮಂಡಕ್ಕಿಯನ್ನು ನೆನೆಯಿರಿ. ಹಿಡಿ ಅಕ್ಕಿ ಉಬ್ಬಿ ಚೀಲ ತುಂಬುತ್ತದೆ. ಒಳ್ಳೆಯ ಫೋಮ್ ಕೂಡ ಹಾಗೆ, ಹೆಚ್ಚು ಪಾಲು ಬರೀ ಗಾಳಿ. ಅದರ ಗುಳ್ಳೆಗಳ ಗೋಡೆ ಎಷ್ಟು ತೆಳುವೆಂದರೆ ಪ್ರಿಂಟರಿಗೆ ಅಷ್ಟು ತೆಳು ಗೆರೆ ಎಳೆಯಲು ಬರುವುದಿಲ್ಲ. ಮುದ್ರಿತ ಮೆತ್ತೆ ಬುಟ್ಟಿಯಂತೆ, ನಡುವೆ ಎಷ್ಟೇ ಸಂದು ಬಿಟ್ಟರೂ ಕಡ್ಡಿ ಮಾತ್ರ ಗಟ್ಟಿ ಪ್ಲಾಸ್ಟಿಕ್. ಹಾಗಾಗಿ ಭಾರ. ಎಲ್ಲಿ ಮೆತ್ತಗೆ, ಎಲ್ಲಿ ಬಿಗಿ ಎಂದು ಬೆರಳಗಲದ ಜಾಗಕ್ಕೂ ನಿರ್ಧರಿಸುವ ಶಕ್ತಿ ಬುಟ್ಟಿಗಿದೆ, ಫೋಮಿಗಿಲ್ಲ. ಆದರೆ 42 ಕಿಲೋಮೀಟರ್ ಎತ್ತಿ ಇಡಬೇಕಾದ ಕಾಲಿಗೆ ತೂಕವೇ ಮೊದಲ ಲೆಕ್ಕ.

ಇದಕ್ಕೆ ಅಡಿಡಾಸೇ ಸಾಕ್ಷಿ. 2023ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದಾಗ ಕಾಲಲ್ಲಿದ್ದ ಅಡಿಡಾಸ್ ಶೂ ತೂಕ 138 ಗ್ರಾಂ, ಬೆಲೆ 500 ಡಾಲರ್. ಅದರ ಮೆತ್ತೆ ಫೋಮಿನದು. ಮುದ್ರಿತ ಮೆತ್ತೆಯನ್ನು ಲೋಕಕ್ಕೆ ಮಾರಿದ ಕಂಪನಿ, ದಾಖಲೆ ಬೇಕಾದಾಗ ಫೋಮಿಗೆ ಹೋಯಿತು.

ಬಂದ ದಾರಿಯಲ್ಲೇ ಹೋದ ಕಾರ್ಖಾನೆ

ಅಚ್ಚು ಬೇಡ ಎಂಬ ಕನಸಿನ ಜೊತೆಗೆ ಹುಟ್ಟಿದ ಇನ್ನೊಂದು ಕನಸು, ದೂರದ ಕೈಗಳು ಬೇಡ ಎಂಬುದು. ಓಟದ ಶೂಗಳಲ್ಲಿ ಹೆಚ್ಚಿನವು ತಯಾರಾಗುವುದು ವಿಯೆಟ್ನಾಂ, ಚೀನಾ, ಇಂಡೊನೇಷ್ಯಾದಲ್ಲಿ. ಅಡಿಡಾಸ್ ತನ್ನದೇ ಜರ್ಮನಿಯ ಆನ್ಸ್‌ಬಾಹ್‌ನಲ್ಲಿ, ಆಮೇಲೆ ಅಮೆರಿಕದ ಅಟ್ಲಾಂಟಾದಲ್ಲಿ ಸ್ಪೀಡ್‌ಫ್ಯಾಕ್ಟರಿ ಎಂಬ ರೋಬೋಟ್ ಕಾರ್ಖಾನೆ ತೆರೆಯಿತು. ಅಲ್ಲಿನ ಕೆಲಸ ಹೆಚ್ಚಾಗಿ ರೋಬೋಟ್ ಮತ್ತು ಕಂಪ್ಯೂಟರ್ ಹೆಣಿಗೆಯದು. ಆದರೂ ಗುರಿ ಒಂದೇ, ಗಿರಾಕಿಯ ಊರಿನ ಪಕ್ಕದಲ್ಲೇ, ಬೇಕೆಂದಾಗ ಬೇಕಾದ ಹಾಗೆ ಶೂ.

2019ರ ನವೆಂಬರ್‌ನಲ್ಲಿ ಕಂಪನಿ ಎರಡನ್ನೂ ಮುಚ್ಚುವುದಾಗಿ ಹೇಳಿತು, 2020ರ ಏಪ್ರಿಲ್ ಹೊತ್ತಿಗೆ ಕೆಲಸ ನಿಲ್ಲಬೇಕಿತ್ತು. ಕಲಿತದ್ದನ್ನು ವಿಯೆಟ್ನಾಂ ಮತ್ತು ಚೀನಾದಲ್ಲಿದ್ದ ಪೂರೈಕೆದಾರರ ಕಾರ್ಖಾನೆಗೆ ಸಾಗಿಸಿದರು. ಆಗ ವರ್ಷಕ್ಕೆ 40 ಕೋಟಿಗೂ ಹೆಚ್ಚು ಜೊತೆ ಮಾಡಿಸುತ್ತಿದ್ದ ಕಂಪನಿಗೆ ಆ ಎರಡು ಕಾರ್ಖಾನೆ ಸಮುದ್ರಕ್ಕೆ ಸುರಿದ ಬಿಂದಿಗೆ. ಸಾವಿರಾರು ಹೆಂಗಸರು ಸಾಲಾಗಿ ಕೂತು ಅಂಟಿಸಿ ಹೊಲಿಯುವ ಕೆಲಸವನ್ನು ಯಂತ್ರ ಕಿತ್ತುಕೊಳ್ಳುತ್ತದೆ ಎಂಬ ಭಯ ಸದ್ಯಕ್ಕೆ ನಿಜವಾಗಲಿಲ್ಲ. ಅವರ ಕೂಲಿ ಅಷ್ಟು ಕಡಿಮೆ ಇದ್ದದ್ದೂ ಅದಕ್ಕೊಂದು ಕಾರಣ ಎಂಬುದನ್ನು ಮರೆಯುವಂತಿಲ್ಲ.

ಅಂಗಡಿಯಲ್ಲಿ ಸಿಗದ್ದು ಟ್ರ್ಯಾಕಿಗೆ ಬೇಡ

ವೇಪರ್‌ಫ್ಲೈ ಗಲಾಟೆ ಅಥ್ಲೆಟಿಕ್ಸನ್ನು ಆಳುವ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯ ಬಾಗಿಲಿಗೆ ಬಂತು. ಗೆದ್ದದ್ದು ಕಾಲೋ, ಶೂವೋ? 2020ರ ಜನವರಿ 31ರಂದು ಸಂಸ್ಥೆ ಹೊಸ ನಿಯಮ ತಂದಿತು. ರಸ್ತೆ ಓಟದ ಶೂ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದೇ ತಟ್ಟೆ ಇರಬೇಕು. ಏಪ್ರಿಲ್ 30ರಿಂದ, ನಾಲ್ಕು ತಿಂಗಳಾದರೂ ಮಾರುಕಟ್ಟೆಯಲ್ಲಿ ಯಾರು ಬೇಕಾದರೂ ಕೊಳ್ಳುವಂತೆ ಇದ್ದ ಶೂವನ್ನು ಮಾತ್ರ ಸ್ಪರ್ಧೆಗೆ ಹಾಕಬೇಕು. ಆಮೇಲೆ ವಿವರಗಳು ಹಲವು ಬಾರಿ ಬದಲಾದವು, ಪ್ರಯೋಗದ ಶೂಗಳಿಗೆ ಷರತ್ತಿನ ಅನುಮತಿಯೂ ಬಂತು. ಆದರೆ ತಿರುಳು ಉಳಿಯಿತು. ಒಬ್ಬರಿಗೆಂದೇ ಮಾಡಿದ, ಲೋಕದಲ್ಲಿ ಒಂದೇ ಇರುವ ಶೂಗೆ ಅವಕಾಶವಿಲ್ಲ. ವೈದ್ಯಕೀಯ ಕಾರಣವಿದ್ದರೆ ಮಾರುಕಟ್ಟೆಯ ಶೂವನ್ನೇ ತಿದ್ದಿಕೊಳ್ಳಲು ಅನುಮತಿ ಕೇಳಬಹುದು, ಅಷ್ಟೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪ್ರಿಂಟರಿನ ದೊಡ್ಡ ಗುಣವೇ ಒಬ್ಬರಿಗೆಂದೇ ಮಾಡುವುದು. ನಿಯಮ ಬೇಡವೆನ್ನುವುದೂ ಅದನ್ನೇ. ಯಂತ್ರಕ್ಕೆ ಆಗದ್ದರಿಂದ ನಿಂತದ್ದು ಅರ್ಧವಾದರೆ, ನ್ಯಾಯದ ಪ್ರಶ್ನೆಯಿಂದ ನಿಂತದ್ದು ಇನ್ನರ್ಧ.

ನಿಯಮ ಸರಿಯೇ? ಬಡ ದೇಶದ ಓಟಗಾರನ ಕಡೆಯಿಂದ ನೋಡಿದರೆ ಸರಿ. ಕಂಪನಿಯ ಪ್ರಯೋಗಾಲಯಕ್ಕೆ ಹೋಗಿ ಕಾಲು ಅಳೆಸಿಕೊಳ್ಳುವ ಭಾಗ್ಯ ಕೆಲವರಿಗೆ ಮಾತ್ರ ಸಿಗುತ್ತದೆ. ಅವರ ಶೂ ಬೇರೆಯವರಿಗೆ ದುಡ್ಡು ಕೊಟ್ಟರೂ ಸಿಗದಿದ್ದರೆ ಅದು ಓಟವಲ್ಲ. ಆದರೆ 'ಎಲ್ಲರೂ ಕೊಳ್ಳಬಹುದು' ಎಂಬ ಮಾತಿಗೂ 'ಎಲ್ಲರ ಕಾಲಿಗೂ ಆಗುತ್ತದೆ' ಎಂಬ ಮಾತಿಗೂ ವ್ಯತ್ಯಾಸ ಇದೆ. ಅದನ್ನು ತೋರಿಸಿದವರು ನಮ್ಮ ದೇಶದ ಒಬ್ಬ ಹುಡುಗಿ.

ಆರು ಬೆರಳಿನ ಪಾದ

ಪಶ್ಚಿಮ ಬಂಗಾಳದ ಜಲ್‌ಪೈಗುರಿಯ ಸ್ವಪ್ನಾ ಬರ್ಮನ್ ಅವರ ಎರಡೂ ಪಾದಗಳಲ್ಲಿ ಆರಾರು ಬೆರಳು. ಅಪ್ಪ ರಿಕ್ಷಾ ಎಳೆಯುತ್ತಿದ್ದವರು, ಅಮ್ಮ ಚಹಾ ತೋಟದಲ್ಲಿ ದುಡಿದವರು. ಸ್ವಪ್ನಾ ಆರಿಸಿಕೊಂಡದ್ದು ಹೆಪ್ಟಾಥ್ಲಾನ್, ಅಂದರೆ ಎರಡು ದಿನದಲ್ಲಿ ಏಳು ಸ್ಪರ್ಧೆ. ಓಡಬೇಕು, ಹಾರಬೇಕು, ಎಸೆಯಬೇಕು. ಐದು ಬೆರಳಿಗೆ ಮಾಡಿದ ಶೂನೊಳಗೆ ಆರು ಬೆರಳು ತೂರಿಸಿ ಎಲ್ಲವನ್ನೂ ಮಾಡಿದರು. ಪ್ರತಿ ಜಿಗಿತಕ್ಕೂ ನೋವು.

2018ರ ಆಗಸ್ಟ್‌ನಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಹಲ್ಲುನೋವಿಗೆ ದವಡೆಗೆ ಪಟ್ಟಿ ಅಂಟಿಸಿಕೊಂಡು 6,026 ಅಂಕ ಗಳಿಸಿ ಚಿನ್ನ ಗೆದ್ದರು. ಈ ಸ್ಪರ್ಧೆಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮೊದಲ ಭಾರತೀಯರು ಅವರು. ಗೆದ್ದ ಮೇಲೆ ಕೇಳಿದ್ದು ತನ್ನ ಕಾಲಿಗೆ ಆಗುವ ಶೂ. ಆಮೇಲೆ ಅಡಿಡಾಸ್ ಅವರನ್ನು ಹರ್ಟ್ಸೋಗೆನೌರಾಹ್‌ಗೆ ಕರೆಸಿ, ಕಾಲಿನ ಅಳತೆ ತೆಗೆದು, ಶೂ ಮಾಡಿಕೊಟ್ಟಿತು. ಆಡಿ ಡಾಸ್ಲರ್ ಓಟಗಾರರ ಮಾತು ಕೇಳಿ ಶೂ ಹೊಲಿಯುತ್ತಿದ್ದ ಅದೇ ಪಟ್ಟಣ.

ಒಳ್ಳೆಯದಾಯಿತು. ಆದರೆ ಕ್ರಮ ಗಮನಿಸಿ. ಮೊದಲು ಚಿನ್ನ, ಆಮೇಲೆ ಶೂ. ಚಿನ್ನ ಬರುವ ಮೊದಲು, ಜಿಲ್ಲಾ ಕೂಟದಲ್ಲಿ, ಶಾಲೆಯ ಮೈದಾನದಲ್ಲಿ ನೋವಿನಿಂದ ಓಟ ಬಿಟ್ಟವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅಗಲ ಪಾದ, ಚಪ್ಪಟೆ ಪಾದ, ಒಂದು ಕಾಲು ಉದ್ದ ಒಂದು ಗಿಡ್ಡ, ಇವೆಲ್ಲ ಅಪರೂಪವೇನಲ್ಲ. 3ಡಿ ಪ್ರಿಂಟರಿನ ಮಾತು ನಿಜಕ್ಕೂ ಬೇಕಾಗಿದ್ದದ್ದು ಇವರಿಗೆ.

ಈಗ ಎಲ್ಲಿದ್ದೇವೆ

ಪ್ರಿಂಟರ್ ಕ್ರೀಡೆಯಿಂದ ಹೋಗಿಲ್ಲ. ಕಂಪನಿಗಳ ಒಳಗೆ ಮಾದರಿ ಮಾಡಿ, ಮುರಿದು, ಮತ್ತೆ ಮಾಡಲು ಅದು ದಿನದ ಉಪಕರಣ. ಅಂಗಡಿಯಲ್ಲಿ ಅದರ ಶೂಗಳಿವೆ. 2025ರಲ್ಲಿ ಅಡಿಡಾಸ್, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಮುದ್ರಿಸಿದ, ಲೇಸೇ ಇಲ್ಲದ ಶೂ ಮಾರಿತು. ಅದು ಓಡಾಟದ ಶೂ, ಓಟದ್ದಲ್ಲ.

ಅದೇ ವರ್ಷ ಜೂನ್ 26ರಂದು ಪ್ಯಾರಿಸ್‌ನಲ್ಲಿ ಕೀನ್ಯಾದ ಫೇತ್ ಕಿಪ್ಯೆಗಾನ್ ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಲು ಹೊರಟರು. ಹಾಗೆ ಓಡಿದ ಮಹಿಳೆ ಇದುವರೆಗೆ ಇಲ್ಲ. ನೈಕಿ ಅವರಿಗೆಂದೇ ಮಾಡಿದ ಶೂ ಅಡಿಯಲ್ಲಿ ಮುದ್ರಿತ ಟೈಟಾನಿಯಂ ಮೊಳೆಗಳಿದ್ದವು. ಮುಂದೆ ಹಿಂದೆ ಗಾಳಿ ತಡೆಯುವ ಜೊತೆ ಓಟಗಾರರಿದ್ದರು. ಇದು ದಾಖಲೆಗೆ ಸೇರುವ ಓಟವಲ್ಲವಾದ್ದರಿಂದ ನಿಯಮದ ಅಡ್ಡಿಯೂ ಇರಲಿಲ್ಲ. ಹಣ, ಯಂತ್ರ, ವಿಜ್ಞಾನ ಎಲ್ಲ ಒಬ್ಬರಿಗಾಗಿ. ಅವರು 4 ನಿಮಿಷ 6.42 ಸೆಕೆಂಡ್ ತೆಗೆದುಕೊಂಡರು. 2023ರಲ್ಲಿ ಅವರೇ ಮಾಡಿದ್ದ ಅಧಿಕೃತ ದಾಖಲೆ 4 ನಿಮಿಷ 7.64 ಸೆಕೆಂಡ್. ಅಷ್ಟೆಲ್ಲ ಸೇರಿ ಉಳಿದದ್ದು ಒಂದೂಕಾಲು ಸೆಕೆಂಡಿಗಿಂತ ಕಡಿಮೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಓಡುವ ಮಗು ಇದ್ದರೆ, ಮೊಬೈಲಿನಲ್ಲಿ ಕಾಣುವ ಜೇನುಗೂಡಿನ ಶೂ ಇಲ್ಲವಲ್ಲ ಎಂದು ಕೊರಗಬೇಕಿಲ್ಲ. ಲೋಕದ ಅತಿ ವೇಗದ ಮ್ಯಾರಥಾನ್ ಓಟಗಾರರೂ ಅದರ ಮೇಲೆ ಓಡುತ್ತಿಲ್ಲ. ನೋಡಬೇಕಾದ್ದು ಹಳೆಯ ವಿಷಯವನ್ನೇ. ಶೂ ಕೊಳ್ಳುವುದು ಸಂಜೆ ಹೊತ್ತಿಗೆ ಇರಲಿ, ದಿನವಿಡೀ ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ ನಿಲ್ಲಿಸಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇದೆಯೇ, ಬೆರಳುಗಳು ಒಳಗೆ ಹರಡುತ್ತವೆಯೇ ನೋಡಿ. ಮಗು ಕಾಲು ನೋವು ಎಂದರೆ ನೆಪ ಎನ್ನಬೇಡಿ, ಶೂ ಬಿಚ್ಚಿಸಿ ಪಾದ ನೋಡಿ.

ಪ್ರಿಂಟರ್ ಅಗ್ಗವಾಗುತ್ತಿದೆ, ಕಾಲಿನ ಅಳತೆಯನ್ನು ಈಗ ಮೊಬೈಲ್ ಕ್ಯಾಮೆರಾ ಕೂಡ ತೆಗೆಯುತ್ತದೆ. ಮುಂದಿನ ಸ್ವಪ್ನಾಗೆ ಚಿನ್ನ ಗೆಲ್ಲುವ ಮೊದಲೇ, ಜಿಲ್ಲಾ ಮಟ್ಟದಲ್ಲೇ ಆರು ಬೆರಳಿನ ಶೂ ಸಿಗುವುದು ಯಂತ್ರದ ಮಟ್ಟಿಗೆ ದೂರದ ಮಾತಲ್ಲ. ಅದಕ್ಕೆ ಹಣ ಹಾಕುವವರು ಯಾರು ಎಂಬುದನ್ನು ಕಂಪನಿಗಳಿಗೇ ಬಿಟ್ಟರೆ ಅವು ಗೆದ್ದವರ ಕಾಲನ್ನೇ ಮೊದಲು ಅಳೆಯುತ್ತವೆ. ಹತ್ತು ವರ್ಷದ ಈ ಇತಿಹಾಸ ಅಷ್ಟನ್ನಂತೂ ಸ್ಪಷ್ಟವಾಗಿ ಹೇಳುತ್ತದೆ. ಕ್ರೀಡಾ ಇಲಾಖೆಗಳು, ಕ್ರೀಡಾ ಶಾಲೆಗಳು ಈ ಲೆಕ್ಕಕ್ಕೆ ಕೈ ಹಾಕಬೇಕಾದ ಹೊತ್ತು ಇದು.